90ರಲ್ಲಿ ನಡುಗುವ ಸ್ಟಿಯರಿಂಗ್, ಕಾಪು ಕಡೆಯ ಒಂದು ಟೈರ್ ಅಂಗಡಿ

ಅಂಗಡಿಯ ಹೆಸರು ಬರೆಯುತ್ತಿಲ್ಲ. ಮಾಲಕರೇ ಬೇಡ ಅಂದರು. "ಇರುವುದು ನಾನು, ಒಬ್ಬ ಹುಡುಗ. ಇನ್ನೂ ಜನ ಬಂದ್ರೆ ಊಟಕ್ಕೂ ಪುರುಸೊತ್ತು ಸಿಕ್ಲಿಕ್ಕಿಲ್ಲ ಅಕ್ಕ." ಕಾಪುವಿನಿಂದ ಉಚ್ಚಿಲಕ್ಕೆ ಹೋಗುವಾಗ ಸಿಗುತ್ತದೆ. ತಗಡಿನ ಮಾಡು, ಒಂದು ಬ್ಯಾಲೆನ್ಸಿಂಗ್ ಮಷಿನ್, ಒಂದು ಕಂಪ್ರೆಸರ್, ಗೋಡೆಗೆ ಒರಗಿಸಿದ ಹಳೆ ಟೈರುಗಳು. ಅಷ್ಟೇ.

ನಾನು ಕಟಪಾಡಿಯಿಂದ ಸುರತ್ಕಲ್‌ಗೆ ದಿನಾ ಕಾರಲ್ಲಿ ಹೋಗಿ ಬರುವವಳು. ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಈ ಸಲ ಮಳೆ ಬಿಟ್ಟ ಮೇಲೆ ಸ್ಟಿಯರಿಂಗ್ ನಡುಗಲು ಶುರುವಾಯಿತು. ಸ್ಪೀಡ್ ಗಂಟೆಗೆ 75 ಕಿ.ಮೀ.ವರೆಗೆ ಏನೂ ಇಲ್ಲ. 85ಕ್ಕೆ ಬೆರಳಿಗೆ ಗೊತ್ತಾಗುತ್ತದೆ. ಹೆಜಮಾಡಿ ಟೋಲ್ ದಾಟಿ 90 ಮುಟ್ಟಿದರೆ ಕೈಯಲ್ಲಿದ್ದ ಗಾಜಿನ ಬಳೆ ಗಲಗಲ ಅನ್ನುತ್ತಿತ್ತು. ನೂರರ ಹತ್ತಿರ ಹೋದರೆ ಮತ್ತೆ ಕಮ್ಮಿ. ಎಂತ ಸಾವು ಮಾರಾಯ್ರೆ ಇದು ಅಂತ ದಿನಾ ಬೈದುಕೊಂಡೇ ಹೋಗುತ್ತಿದ್ದೆ.

ಯಾರಿಗೆ ಹೇಳಿದರೂ ಒಂದೇ ಮಾತು: ಅಲೈನ್‌ಮೆಂಟ್ ಮಾಡಿಸಿ, ಅಂದರೆ ಚಕ್ರಗಳು ನಿಂತ ಕೋನ ಸರಿ ಮಾಡಿಸಿ. ಮಾಡಿಸಿದೆ. ಒಂದು ಕಡೆ 450 ರೂಪಾಯಿ. ಹೋಗಲಿಲ್ಲ. ಇನ್ನೊಂದು ಕಡೆ ಮತ್ತೆ 450. ಎಸಿ ರೂಮು, ಕಾಫಿ, ಕೆಂಪು ಹಸಿರು ಬಣ್ಣದ ಪ್ರಿಂಟ್‌ಔಟ್ ಎಲ್ಲ ಸಿಕ್ಕಿತು. ನಡುಕ ಮಾತ್ರ ಇದ್ದ ಹಾಗೇ ಇತ್ತು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಒಂದು ಸ್ಪೀಡಿನಲ್ಲಿ ಮಾತ್ರ ನಡುಗುವುದು ಅದರ ಕೆಲಸವೇ ಅಲ್ಲ. ಇದು ನನಗೆ ಗೊತ್ತಾದದ್ದು 900 ರೂಪಾಯಿ ಹೋದ ಮೇಲೆ.

ಇಲ್ಲಿಗೆ ಕಳಿಸಿದ್ದು ನಮ್ಮ ಬೀದಿಯ ರಿಕ್ಷಾದವರು. ಶನಿವಾರ ಹೋದೆ. ಮಾಲಕರು ಕಾರು ಮುಟ್ಟಲೇ ಇಲ್ಲ, ಮೊದಲು ಪ್ರಶ್ನೆ ಶುರು ಮಾಡಿದರು.

"ನಡುಗುವುದು ಸ್ಟಿಯರಿಂಗಾ, ಸೀಟಾ?"

ಸ್ಟಿಯರಿಂಗ್ ಅಂದೆ. ಹಾಗಾದರೆ ಮುಂದಿನ ಚಕ್ರ. ಹಿಂದಿನದಾಗಿದ್ದರೆ ಸೀಟಿಗೆ, ಬೆನ್ನಿಗೆ ಜಾಸ್ತಿ ಗೊತ್ತಾಗುತ್ತದಂತೆ.

"ಬ್ರೇಕ್ ಒತ್ತಿದ್ರೆ ಜಾಸ್ತಿ ಆಗ್ತದಾ?"

ಇಲ್ಲ. ಆಗುತ್ತಿದ್ದರೆ ಬ್ರೇಕ್ ಡಿಸ್ಕ್ ನೋಡಬೇಕಿತ್ತು. ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ಅದುರುತ್ತದೆ.

"ಆಕ್ಸಿಲರೇಟರ್ ಕಾಲು ತೆಗೆದ್ರೆ ನಿಲ್ತದಾ?"

ಅದೂ ಇಲ್ಲ. ನಿಲ್ಲುತ್ತಿದ್ದರೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಮೇಲೆ ಅನುಮಾನ ಬರುತ್ತಿತ್ತು. "ನ್ಯೂಟ್ರಲ್ ಮಾಡಿ ನೋಡಿದ್ರಾ" ಅಂತಲೂ ಕೇಳಿದರು. ನೋಡಿರಲಿಲ್ಲ. ಸುಳ್ಳು ಹೇಳಲಿಲ್ಲ.

ಆಮೇಲೆ ಅವರೇ ಸ್ಟಿಯರಿಂಗ್ ಹಿಡಿದು ಉಚ್ಚಿಲದವರೆಗೆ ಹೋಗಿ ಬಂದರು. ನಾನು ಪಕ್ಕದ ಸೀಟು. 90ರಲ್ಲಿ ಎರಡೇ ಬೆರಳು ಇಟ್ಟು ಸುಮ್ನೆ ಕೂತಿದ್ದರು. ಬ್ಯಾಲೆನ್ಸ್ ಹೋಗಿದೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲ, ಅದು ಬಿಟ್ಟು ಇನ್ನೂ ಏನೋ ಒಂದು ಉಂಟು ಅಂದರು.

ಜಾಕ್ ಕೊಟ್ಟು ಎತ್ತಿದ ಮೇಲೆ ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿದರು, ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್ ಸಡಿಲ ಉಂಟಾ ಅಂತ. ಮೇಲೆ ಕೆಳಗೆ ಹಿಡಿದು ಇನ್ನೊಮ್ಮೆ, ಬೇರಿಂಗು, ಬಾಲ್ ಜಾಯಿಂಟಿಗೆ. ಎಲ್ಲ ಗಟ್ಟಿ. ಚಕ್ರ ಬಿಚ್ಚಿದಾಗ ಹುಡುಗ ನಕ್ಕ. ಎಡಗಡೆ ಮುಂದಿನ ರಿಮ್ಮಿನ ಒಳಗೆ ಕೆಂಪು ಮಣ್ಣು, ಒಂದೇ ಜಾಗದಲ್ಲಿ, ಒಣಗಿ ಇಟ್ಟಿಗೆ ಹಾಗೆ ಕೂತಿತ್ತು. ಅಣ್ಣನ ತೋಟದ ದಾರಿಯ ಪ್ರಸಾದ! ಅದನ್ನು ಕೆರೆದು ತೆಗೆದರೆ ಕೆಳಗೆ ಇನ್ನೊಂದು ಸಂಗತಿ. ಹಿಂದೆ ಅಂಟಿಸಿದ್ದ ಬ್ಯಾಲೆನ್ಸ್ ತೂಕ ಉದುರಿ ಹೋಗಿ ಗಮ್ಮಿನ ಗುರುತು ಮಾತ್ರ ಉಳಿದಿತ್ತು. ಅಲಾಯ್ ರಿಮ್ಮಿಗೆ ತೂಕ ಅಂಟಿಸುತ್ತಾರಲ್ವಾ, ಜೋರು ನೀರು ಬಿಟ್ಟು ತೊಳೆಯುವಾಗ ಕೆಲವೊಮ್ಮೆ ಎದ್ದು ಹೋಗುತ್ತದಂತೆ.

ಮಷಿನಿನಲ್ಲಿ ತಿರುಗಿಸಿದರೆ ಒಳಬದಿಗೆ 30 ಗ್ರಾಂ ಕಮ್ಮಿ ತೋರಿಸಿತು. ಬರೀ 30 ಗ್ರಾಮಿಗೆ ಇಷ್ಟು ಗಲಾಟೆಯಾ ಅಂದೆ. ಅವರು ಮೊದಲು ಮಲ್ಪೆಯಲ್ಲಿ ಬೋಟ್ ಇಂಜಿನ್ ಕೆಲಸದಲ್ಲಿ ಇದ್ದವರು. "ಪ್ರೊಪೆಲ್ಲರಿಗೆ ಒಂದು ತುಂಡು ಬಲೆ ಸಿಕ್ಕಿದ್ರೂ ಇಡೀ ಬೋಟ್ ನಡುಗ್ತದೆ ಅಕ್ಕ" ಅಂದರು. ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ, ಲ್ಯಾಬಿನ ಚಾಳಿ. ನನ್ನದು 14 ಇಂಚಿನ ರಿಮ್, 165/80 ಟೈರ್. ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಮ್ಮಿ ದೂರ. 90ರಲ್ಲಿ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು. ರಿಮ್ಮಿನ ಅಂಚಿನ 30 ಗ್ರಾಂ ಆಗ ಹೊರಗೆ ಎಳೆಯುವುದು ಮೂರೂವರೆ ಕಿಲೋ ತೂಕದಷ್ಟು. ಸೆಕೆಂಡಿಗೆ 13 ಸಲ! ಕಾರಿನ ಸಸ್ಪೆನ್ಷನ್, ಸ್ಟಿಯರಿಂಗಿಗೆ ಅದರದ್ದೇ ಒಂದು ತೂಗುವ ಲಯ ಇರುತ್ತದೆ. ಎರಡೂ ಹೊಂದಿಕೊಂಡ ಸ್ಪೀಡಿನಲ್ಲಿ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ನೂಕಿದ ಹಾಗೆ. 75ರಲ್ಲಿ ಸುಮ್ಮನಿದ್ದು 90ರಲ್ಲಿ ಕುಣಿಯುವುದು ಇದಕ್ಕೇ.

ಅವರು ಹೇಳಿದ ಆ "ಇನ್ನೂ ಒಂದು" ಬಲಗಡೆ ಇತ್ತು. ಮಷಿನಿನಲ್ಲಿ ತಿರುಗುವಾಗ ರಿಮ್ಮಿನ ಅಂಚು ಒಂದು ಕಡೆ ಸಣ್ಣಗೆ ಕುಣಿಯುತ್ತಿತ್ತು. ಮಳೆಗಾಲದಲ್ಲಿ ನೀರು ತುಂಬಿದ ಯಾವುದೋ ಹೊಂಡಕ್ಕೆ ಬಿದ್ದದ್ದು ಇರಬೇಕು. ಇಲ್ಲಿ ನನಗೆ ಇವರ ಮೇಲೆ ನಂಬಿಕೆ ಬಂತು. ತೂಕ ಅಂಟಿಸಿ ಮಷಿನಿನಲ್ಲಿ ಸೊನ್ನೆ ತೋರಿಸಬಹುದಿತ್ತು, ನಾನು ಖುಷಿಯಲ್ಲಿ ಹೋಗುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಬೆಂಡಾದ ರಿಮ್ ಸೊನ್ನೆ ತೋರಿಸಿದರೂ ರಸ್ತೆಯಲ್ಲಿ ಏರಿಳಿಯುತ್ತದೆ, ಸದ್ಯಕ್ಕೆ ಹಿಂದೆ ಹಾಕುತ್ತೇನೆ ಅಂದರು. "ಇದು ರಿಪೇರಿ ಅಲ್ಲ, ನಡುಕವನ್ನು ಹಿಂದಿನ ಸೀಟಿಗೆ ಕಳಿಸಿದ್ದು ಅಷ್ಟೆ." ರಿಮ್ ನೇರ ಮಾಡುವ ಮಷಿನ್ ಅವರಲ್ಲಿ ಇಲ್ಲ. ಮಂಗಳೂರಿಗೇ ಹೋಗಬೇಕು.

ಟೈರ್ ಮಾರುವ ಅವಕಾಶವೂ ಇತ್ತು. ಬದಿಯಲ್ಲಿ 1819 ಅಂತ ಇದೆ, ಅಂದರೆ 2019ರ 18ನೇ ವಾರದ ಟೈರ್. ಗುಳ್ಳೆ ಬಂದಿದೆಯಾ ಅಂತ ಸುತ್ತ ಕೈಯಾಡಿಸಿ ನೋಡಿ, "ಗುಳ್ಳೆ ಇಲ್ಲ, ಆದ್ರೆ ವಯಸ್ಸಾಯ್ತು, ಮುಂದಿನ ಮಳೆಗೆ ಮೊದಲು ತೆಗೀರಿ" ಅಂದರು. ಹೊಸದು ತೋರಿಸಲಿಲ್ಲ.

ನಾಲ್ಕು ಚಕ್ರದ ಬ್ಯಾಲೆನ್ಸಿಂಗ್, ತೂಕ, ಅದಲು ಬದಲು ಎಲ್ಲ ಸೇರಿ 560 ರೂಪಾಯಿ. ಅಲೈನ್‌ಮೆಂಟ್ ಬೇಡವಾ ಅಂತ ನಾನೇ ಕೇಳಿದೆ. ನನ್ನ ಪ್ರಿಂಟ್‌ಔಟ್ ನೋಡಿ, "ಎರಡು ಸಲ ಮಾಡಿಸಿದ್ದೀರಲ್ಲ, ಸಾಕು" ಅಂದರು.

ತಕರಾರು ಇಲ್ಲ ಅಂತಲ್ಲ. ಎರಡೂವರೆ ಗಂಟೆ ಕಾದೆ. ಕೂರಲು ಇದ್ದದ್ದು ಒಂದು ಟೈರ್. ಬಿಲ್ ಇಲ್ಲ, ಚೀಟಿಯಲ್ಲಿ ಬರೆದು ಕೊಟ್ಟರು. ಹುಡುಗ ನಟ್ಟುಗಳನ್ನು ಗಾಳಿಯ ಗನ್ನಿನಲ್ಲೇ ಟರ್‍ರ್ ಅಂತ ಬಿಗಿದ, ಎಷ್ಟು ಬಿಗಿಯಬೇಕೋ ಅಷ್ಟೇ ಅಳೆದು ಬಿಗಿಯುವ ಟಾರ್ಕ್ ರೆಂಚ್ ಮುಟ್ಟಲಿಲ್ಲ. ಹಾಗೆ ಸಿಕ್ಕಾಪಟ್ಟೆ ಬಿಗಿದರೆ ಪಂಕ್ಚರ್ ಆದ ದಿನ ನನ್ನಂಥವಳಿಗೆ ಬಿಚ್ಚಲು ಆಗುವುದಿಲ್ಲ. ಹೇಳಿದೆ. ಸಡಿಲ ಮಾಡಿ ಕೈಯಲ್ಲಿ, ಒಂದು ಬಿಟ್ಟು ಒಂದು ಎದುರುಬದುರಾಗಿ ಬಿಗಿಸಿಕೊಟ್ಟರು. ಹೇಳದಿದ್ದರೆ ಮಾಡುತ್ತಿರಲಿಲ್ಲ.

ಸೋಮವಾರ ಮೂಲ್ಕಿ ದಾಟಿ 90ಕ್ಕೆ ಹೋದೆ. ಬಳೆ ಸುಮ್ಮನಿತ್ತು. ಸೀಟಿನಲ್ಲಿ ಸಣ್ಣ ಜುಮು ಜುಮು ಇದೆ, ಅವರು ಹೇಳಿದ ಹಾಗೇ. ಈ ತಿಂಗಳ ಸಂಬಳ ಬಂದ ಮೇಲೆ ರಿಮ್ ಹೊತ್ತುಕೊಂಡು ಮಂಗಳೂರಿಗೆ ಹೋಗುತ್ತೇನೆ.

ನೀವು ಆ ಕಡೆ ಹೋಗುವುದಾದರೆ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಒಂದಕ್ಕೆ ಊಟಕ್ಕೆ ಬಾಗಿಲು ಹಾಕುತ್ತಾರೆ. ರಿಮ್ಮಿನ ಮಣ್ಣು ಮನೆಯಲ್ಲೇ ತೊಳೆದುಕೊಂಡು ಹೋಗಿ. ನನಗೆ ಅದಕ್ಕೆ ಚೆನ್ನಾಗಿ ಬೈಗುಳ ಸಿಕ್ಕಿದೆ.