ನೆಡುವ ಕಾಲಕ್ಕೆ ಯಾವ ವೀಡ್ ಕಟರ್: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?

ವೀಡ್ ಕಟರ್ ಅಂದರೆ ಕಳೆ ಹೊಡೆಯುವ ಮಶಿನ್. ಅದರಲ್ಲಿ ಎರಡು ಬಗೆ: ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್, ಬರೀ ಪೆಟ್ರೋಲಿನಲ್ಲಿ ಓಡುವ ಫೋರ್ ಸ್ಟ್ರೋಕ್. ಮೊದಲೇ ಹೇಳಿಬಿಡುತ್ತೇನೆ, ನಾನು ಫೋರ್ ಸ್ಟ್ರೋಕ್ ಪಕ್ಷ. ಎರಡೂ ಮಶಿನ್ ನಮ್ಮ ಕೊಟ್ಟಿಗೆಯಲ್ಲೇ ಇವೆ, ಎರಡನ್ನೂ ಬೆನ್ನಿಗೆ ಹಾಕಿಕೊಂಡು ತೋಟ ಸುತ್ತಿದ್ದೇನೆ, ಎರಡನ್ನೂ ಬಿಚ್ಚಿ ಜೋಡಿಸಿದ್ದೇನೆ. ಎಷ್ಟು ಸಿಸಿ, ಎಷ್ಟು ಎಚ್‌ಪಿ ಅನ್ನೋದೆಲ್ಲ ಡಬ್ಬದ ಮೇಲೆ ಬರೆದಿರುತ್ತದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನಮ್ಮದು ಶಿರಸಿ ಕಡೆಯ ಸಣ್ಣ ಅಡಿಕೆ ತೋಟ. ಜೊತೆಗೆ ಒಂದಿಷ್ಟು ಬಾಳೆ, ಕಾಳುಮೆಣಸು, ಮೇಲೆ ಸೊಪ್ಪಿನ ಬೆಟ್ಟ. ಕೊನೆ (ಅಡಿಕೆ ಗೊನೆ) ಕೊಯ್ಲು, ಅಡಿಕೆ ಸುಲಿಯೋದು, ಒಣಗಿಸೋದು ಎಲ್ಲ ಮುಗಿಯುವ ಹೊತ್ತಿಗೆ ಶಿವರಾತ್ರಿ ಬಂದಿರುತ್ತದೆ. ಅಲ್ಲಿಂದ ಮುಂದೆ ನೆಡುವ ತಯಾರಿ. ಸತ್ತ ಮರದ ಜಾಗ ಹುಡುಕಬೇಕು, ಗುಂಡಿ ತೆಗೆಸಬೇಕು, ಬಾಳೆ ಕಂದು ಕಿತ್ತು ಇಡಬೇಕು. ಅಡಿಕೆ ಗುಂಡಿ ಅಂದರೆ ಶಿಫಾರಸಿನ ಪ್ರಕಾರ 90 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಸಾಲಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ ನಮ್ಮ ಹಳೆಯ ಒಂಬತ್ತು ಅಡಿ ಲೆಕ್ಕವೇ. ಸೊಂಟದೆತ್ತರ ಹುಲ್ಲು ನಿಂತಿದ್ದರೆ ಹಗ್ಗ ಹಿಡಿದು ಅಳೆಯೋದು ಹೇಗೆ? ಹಾಗಾಗಿ ಎಲ್ಲಕ್ಕಿಂತ ಮೊದಲು ಕಳೆ ಹೊಡೆಯಬೇಕು. ಭರಣಿ ಮಳೆಯ ಎರಡು ಹನಿ ಬಿದ್ದರೆ ಗುಂಡಿಯ ಮಣ್ಣು ಹದಕ್ಕೆ ಬರುತ್ತದೆ. ಅಷ್ಟರೊಳಗೆ ಈ ಕೆಲಸ ಮುಗಿದಿರಬೇಕು.

ಅದೇ ವಾರ ಮಶಿನ್ ಕೈ ಕೊಡುತ್ತದೆ. ಎಲ್ಲರ ಮನೆಯಲ್ಲೂ ಅದೇ ವಾರ ಕೈ ಕೊಡುವುದರಿಂದ ಮೆಕ್ಯಾನಿಕ್ ಹತ್ತಿರ ಕ್ಯೂ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಕೇಳೋದೇ ಬೇಡ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬರೋದು ಇದೇ ಹೊತ್ತಿಗೆ. ಪೇಟೆಗೆ ಪೇಟೆಯೇ ತೊಟ್ಟಿಲು, ಬಳೆ ಅಂಗಡಿ ಆಗಿರುವಾಗ ನಿಮ್ಮ ಕಾರ್ಬ್ಯುರೇಟರ್ ನೋಡೋರು ಯಾರು?

ನಮ್ಮ ಮೊದಲನೆಯದು ಟೂ ಸ್ಟ್ರೋಕ್. ಬೆನ್ನಿಗೆ ಹೊರುವ ಮಾದರಿ, ಕಡಿಮೆ ದುಡ್ಡಿನದು. ಶಕ್ತಿಯ ವಿಷಯದಲ್ಲಿ ಅದನ್ನು ದೂರುವ ಹಾಗಿಲ್ಲ. ಬೆಟ್ಟದ ಅಂಚಿನ ಯುಪಟೋರಿಯಂ, ಲಂಟಾನದಂಥ ಪೊದೆ ಕಳೆ ಎಲ್ಲ ಸರಸರ ಬೀಳುತ್ತಿತ್ತು. ಕೆಲಸಕ್ಕೆ ಬರುವವರಿಗೂ ಅದೇ ಇಷ್ಟ, ‘ಇದು ಎಳೀತದೆ’ ಅಂತ. ಹಗುರ ಬೇರೆ. ತೊಂದರೆ ಇದ್ದದ್ದು ಅದರ ಹೊಟ್ಟೆಗೆ ಹಾಕುವುದರಲ್ಲಿ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್‌ಗೆ ಅಂತ ಬೇರೆ ಜಾಗ ಇರುವುದಿಲ್ಲ. ಪೆಟ್ರೋಲ್ ಜೊತೆಗೇ ಟೂಟಿ ಆಯಿಲ್ ಬೆರೆಸಬೇಕು. 1:40 ಅಂದರೆ ಲೀಟರಿಗೆ 25 ಮಿಲಿ, 1:50 ಅಂದರೆ 20 ಮಿಲಿ. ಪಿಸ್ಟನ್ನಿಗೆ, ಬೇರಿಂಗಿಗೆ ಸಿಗುವ ಜಿಡ್ಡು ಅಷ್ಟೇ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ‘ಒಳ್ಳೇದೇ ಅಲ್ವಾ’ ಅಂತ ಕೈ ಎತ್ತಿ ಸುರಿದರೆ ಹೊಗೆ, ಪ್ಲಗ್ಗಿಗೆ ಕರಿ, ಸೈಲೆನ್ಸರ್ ಬಾಯಲ್ಲಿ ಮಸಿ. ಒಬ್ಬನೇ ಮಶಿನ್ ಮುಟ್ಟುವ ಮನೆಯಲ್ಲಿ ಇದು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಹಾಗಲ್ಲ. ಅಪ್ಪಯ್ಯ ಹೊಡೆಯುತ್ತಾರೆ, ನಾನು ಹೊಡೆಯುತ್ತೇನೆ, ಕೆಲಸದವರು ಹೊಡೆಯುತ್ತಾರೆ, ಪಕ್ಕದ ಮನೆಯವರು ಅರ್ಧ ದಿನಕ್ಕೆ ಒಯ್ಯುತ್ತಾರೆ. ಕೊಟ್ಟಿಗೆಯಲ್ಲಿ ಪಂಪಿಗೆ, ಬೈಕಿಗೆ ಅಂತ ಬರೀ ಪೆಟ್ರೋಲಿನ ಕ್ಯಾನ್ ಒಂದು, ಬೆರೆಸಿದ ಕ್ಯಾನ್ ಇನ್ನೊಂದು. ಬೆರೆಸಿದ್ದಕ್ಕೆ ಕೆಂಪು ದಾರ ಕಟ್ಟಿದೆವು. ದಾರ ಉದುರಿತು. ಪೇಂಟ್‌ನಲ್ಲಿ ಬರೆದೆವು, ಪೆಟ್ರೋಲ್ ತಾಗಿ ಅದೂ ಅಳಿಸಿತು. ಟೂಟಿ ಆಯಿಲ್‌ಗೆ ಬಣ್ಣ ಇರುವುದರಿಂದ ನೋಡಿದರೆ ಗೊತ್ತಾಗುತ್ತದೆ ಅನ್ನುತ್ತಾರೆ. ಹಳದಿ ಕ್ಯಾನಿನ ಒಳಗೆ, ಕತ್ತಲೆ ಕೊಟ್ಟಿಗೆಯಲ್ಲಿ, ಬೆಳಗಿನ ಅವಸರದಲ್ಲಿ ಯಾರು ನೋಡುತ್ತಾರೆ?

ಇಷ್ಟಕ್ಕೇ ಮುಗಿಯಲಿಲ್ಲ. ಕೊಯ್ಲಿನ ನಾಲ್ಕೈದು ತಿಂಗಳು ಈ ಮಶಿನನ್ನು ಯಾರೂ ಮುಟ್ಟುವುದಿಲ್ಲ. ಟ್ಯಾಂಕಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಪೆಟ್ರೋಲ್ ಆರಿಹೋಗುತ್ತದೆ, ಆಯಿಲ್ ಅಲ್ಲೇ ಅಂಟಾಗಿ ಕೂರುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೋಟದ ಮನೆಯ ಕೊಟ್ಟಿಗೆಯಲ್ಲಿ ತೇವಕ್ಕೇನು ಬರ? ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಟೂ ಸ್ಟ್ರೋಕಿನ ಮಟ್ಟಿಗೆ ಕೆಟ್ಟ ಸುದ್ದಿ ಏನೆಂದರೆ, ಬೆರೆಸಿದ ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲಿನ ಜೊತೆ. ಪೈಪು ಎಳೆದುಕೊಳ್ಳುವುದು ತಳದ್ದನ್ನು. ಅಂದರೆ ಜಿಡ್ಡೇ ಇಲ್ಲದ ನೀರು.

ಇಂಥ ಮಶಿನನ್ನು ನೆಡುವ ಕಾಲದಲ್ಲಿ ಹೊರಗೆ ತೆಗೆದು ಹಗ್ಗ ಎಳೆಯಬೇಕು. ಎಳೆದು ಎಳೆದು ರಟ್ಟೆ ಸೋತ ಮೇಲೆ ಅಪ್ಪಯ್ಯ ಜಗಲಿಯಿಂದ ‘ಎಂತಾ ಆತೋ ತಮಾ?’ ಅಂತ ಕೇಳುವುದು ಪ್ರತಿ ವರ್ಷದ್ದೂ ಇದ್ದದ್ದೇ. ಚೋಕ್ ಹಾಕು, ತೆಗೆ. ಪ್ಲಗ್ ಬಿಚ್ಚು, ನೋಡಿದರೆ ಒದ್ದೆ. ಒರೆಸಿ, ಬಿಸಿಲಿಗಿಟ್ಟು ಮತ್ತೆ ಹಾಕು. ಆಗ ಒಂದು ಸಲ ‘ಪುಟ್’ ಅಂದು ಸುಮ್ಮನಾಗುತ್ತದೆ.

ಕೊನೆಗೆ ಕಾರ್ಬ್ಯುರೇಟರನ್ನೇ ಬಿಚ್ಚಬೇಕು. ನಾನು ಅಂಗಳದಲ್ಲಿ ಒಂದು ಅಡಿಕೆ ಹಾಳೆ ಹಾಸಿ ಅದರ ಮೇಲೆ ಬಿಚ್ಚುತ್ತೇನೆ. ಅಂಚು ಎತ್ತರ ಇರುವುದರಿಂದ ಸ್ಕ್ರೂ ಉರುಳಿ ಹೋಗುವುದಿಲ್ಲ. ಈ ಸಣ್ಣ ಇಂಜಿನ್ನುಗಳ ಕಾರ್ಬ್ಯುರೇಟರಿನಲ್ಲಿ ಹಳೆಯ ಬೈಕಿನ ಹಾಗೆ ತೇಲುವ ಫ್ಲೋಟ್ ಇಲ್ಲ, ಮಶಿನ್ ಓರೆ ಮಾಡಿದರೂ ನಡೆಯಬೇಕಲ್ಲ. ಅದರ ಬದಲು ತೆಳ್ಳಗಿನ ಎರಡು ಪರದೆ, ಡಯಾಫ್ರಮ್. ಒಂದು ಇಂಜಿನ್ನಿನ ಮಿಡಿತಕ್ಕೆ ಅಲುಗಿ ಪೆಟ್ರೋಲ್ ಎಳೆಯುತ್ತದೆ, ಇನ್ನೊಂದು ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತದೆ. ಎರಡೂ ಮೆತ್ತಗಿರಬೇಕು. ನಮ್ಮದನ್ನು ತೆಗೆದು ನೋಡಿದರೆ ಸುಟ್ಟ ಹಪ್ಪಳದ ಹಾಗೆ ಗರಿಗರಿ. ಒಳಗೆ ಉಗುರಿಗಿಂತ ಸಣ್ಣ ಒಂದು ಜಾಲರಿ ಇದೆ. ಅದರ ಮೇಲೆ ಕಂದು ಬಣ್ಣದ ಅಂಟು. ಜಾಲರಿ ತೊಳೆದರೆ ಹೋಗುತ್ತದೆ. ಗಟ್ಟಿಯಾದ ಪರದೆಗೆ ಮದ್ದಿಲ್ಲ, ಹೊಸ ಕಿಟ್ಟೇ ಹಾಕಬೇಕು. ಕಿಟ್ಟಿನ ಬೆಲೆ ಏನೂ ಅಲ್ಲ. ಆದರೆ ನಿಮ್ಮ ಮಶಿನ್ನಿನದೇ ಅಳತೆಯದು ಶಿರಸಿಯಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಬೇಕು. ಮಾರಿದ ಅಂಗಡಿಯವರು ‘ನಾಳೆ ಬರ್ತದೆ’ ಅಂದರು. ಆ ನಾಳೆ ಬರುವಷ್ಟರಲ್ಲಿ ನಮ್ಮ ಬಾಳೆ ಕಂದುಗಳು ನೆರಳಲ್ಲೇ ಬಾಡಿದ್ದವು. ಗುಂಡಿ ತೆಗೆಯುವವರು ಬೇರೆ ಮನೆಗೆ ಹೋಗಿಯಾಗಿತ್ತು. ಒಮ್ಮೆ ಕೈ ತಪ್ಪಿದ ಆಳು ನಮ್ಮ ಕಡೆ ಮತ್ತೆ ಸಿಗೋದು ಮಳೆಗಾಲ ಹಿಡಿದ ಮೇಲೆ.

ಹೊಸ ಫೋರ್ ಸ್ಟ್ರೋಕ್ ಮಶಿನ್ ತಂದದ್ದು ಅದಾದ ಮೇಲೆ. ಹೋಂಡಾದ ಜಿಎಕ್ಸ್35 ಇಂಜಿನ್ನಿನದು, ಇದೂ ಬೆನ್ನಿಗೆ ಹೊರುವ ಮಾದರಿ. ಬೆಲೆ ಕೇಳಿದಾಗ ಅಪ್ಪಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯದಕ್ಕೆ ಕೊಟ್ಟದ್ದರ ಸುಮಾರು ಮೂರು ಪಟ್ಟು.

ಅಂಗಡಿಯಲ್ಲಿ ‘ಇದಕ್ಕೆ ಕಾರ್ಬ್ಯುರೇಟರ್ ತೊಂದರೆಯೇ ಇಲ್ಲ’ ಅಂದರು. ಅದು ಸುಳ್ಳು. ಇದರದೂ ಅದೇ ಪರದೆಯ ಕಾರ್ಬ್ಯುರೇಟರ್, ಎಥನಾಲ್ ಇದನ್ನೂ ಬಿಡುವುದಿಲ್ಲ. ಪೆಟ್ರೋಲ್ ಹಾಗೇ ಬಿಟ್ಟು ಅಟ್ಟಕ್ಕೆ ಹಾಕಿದರೆ ಇದೂ ಕೆಡುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ. ಇದಕ್ಕೆ ಬರೀ ಪೆಟ್ರೋಲ್ ಸಾಕು. ಬೈಕಿನದು, ಪಂಪಿನದು, ಇದರದು ಎಲ್ಲ ಒಂದೇ ಕ್ಯಾನ್. ಆಯಿಲ್ ಕೆಳಗೆ ಬೇರೆಯಾಗಿ ಇರುತ್ತದೆ. ಯಾರು ತುಂಬಿದರೂ ಪಿಸ್ಟನ್ನಿಗೆ ಅಪಾಯ ಇಲ್ಲ. ಕೊಯ್ಲು ಶುರುವಾಗುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿಟ್ಟರೆ ಒಳಗೆ ಅಂಟು ಉಳಿಯುವುದಿಲ್ಲ. ಖಾಲಿ ಮಾಡಿದ ಪೆಟ್ರೋಲನ್ನು ಬೈಕಿಗೆ ಸುರಿದರಾಯಿತು. ಇದೇ ಉಪಾಯ ಟೂ ಸ್ಟ್ರೋಕಿಗೂ ಆಗುತ್ತದೆ, ಆದರೆ ಬೆರೆಸಿದ್ದು ಉಳಿದರೆ ಈಗಿನ ಬೈಕಿಗೆ ಹಾಕೋ ಹಾಗಿಲ್ಲ. ‘ಇರಲಿ, ಮುಂದೆ ಬೇಕಾಗ್ತದೆ’ ಅಂತ ಕ್ಯಾನಿನಲ್ಲೇ ಇಡುತ್ತೇವೆ, ಮುಂದಿನ ವರ್ಷ ಅದನ್ನೇ ಮತ್ತೆ ಹಾಕುತ್ತೇವೆ. ತೊಂದರೆ ಶುರುವಾಗುವುದೇ ಆ ಹಳೆಯ ಕ್ಯಾನಿನಿಂದ.

ಫೋರ್ ಸ್ಟ್ರೋಕಿಗೂ ಅದರದೇ ಕಿರಿಕಿರಿ ಇದೆ. ಅದರ ಹೊಟ್ಟೆಯಲ್ಲಿ ಹಿಡಿಯುವುದು ಬರೀ 100 ಮಿಲಿ ಆಯಿಲ್. ಸ್ವಲ್ಪ ಸೋರಿದರೂ ಅರ್ಧ ಖಾಲಿ. ಬೆಳಿಗ್ಗೆ ಸಮತಟ್ಟಾದ ಕಡೆ ಇಟ್ಟು ಮುಚ್ಚಳ ತೆಗೆದು ನೋಡುವ ಅಭ್ಯಾಸ ಬೇಕು. ಹೊಸದರಲ್ಲಿ 10 ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ವಾಲ್ವ್ ಗ್ಯಾಪ್ ಸರಿಮಾಡಲು ಸಣ್ಣ ಊರಿನ ಎಲ್ಲ ಮೆಕ್ಯಾನಿಕ್‌ಗಳಿಗೂ ಕೈ ಕೂಡಿರುವುದಿಲ್ಲ. ಟೂ ಸ್ಟ್ರೋಕಿನಲ್ಲಿ ವಾಲ್ವೇ ಇಲ್ಲದಿರುವುದರಿಂದ ಆ ತಲೆಬಿಸಿಯೂ ಇಲ್ಲ. ಆಯಿಲ್ ಜಾಸ್ತಿ ತುಂಬಿ ಮಶಿನನ್ನು ಅಡ್ಡ ಮಲಗಿಸಿದರೆ ಏರ್ ಫಿಲ್ಟರಿಗೆ ನುಗ್ಗಿ ಬಿಳಿ ಹೊಗೆ ಬರುತ್ತದೆ. ನಮ್ಮಲ್ಲಿ ಈಗ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತೇವೆ.

ಹೊರುವ ಭಾರ ಹತ್ತು ಕಿಲೋ ಆಸುಪಾಸು, ಮಧ್ಯಾಹ್ನದ ಹೊತ್ತಿಗೆ ಹೆಗಲಿಗೆ ಗೊತ್ತಾಗುತ್ತದೆ. ಸದ್ದು ಮತ್ತು ಹೊಗೆ ಕಡಿಮೆ. ಸಂಜೆ ತಲೆನೋವಿಲ್ಲ.

ಬೆನ್ನಿಗೆ ಹೊರುವ ಮಾದರಿ ಯಾವುದೇ ಆಗಲಿ, ಇಂಜಿನ್ನಿನ ಶಕ್ತಿಯನ್ನು ಬ್ಲೇಡಿನ ಕಡೆ ಒಯ್ಯುವ ಬಳುಕುವ ಶಾಫ್ಟ್ ಮಾತ್ರ ಜೋಪಾನ. ಚೂಪಾಗಿ ಬಗ್ಗಿಸಿ ರೇಸ್ ಕೊಟ್ಟರೆ ಒಳಗಿನ ತಂತಿ ತುಂಡಾಗುತ್ತದೆ. ಆಗಾಗ ಎಳೆದು ಗ್ರೀಸ್ ಹಚ್ಚಿ.

ನೆಡುವ ಕೆಲಸದಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಎರಡೂ ಮಶಿನ್ನಿಗೆ ಮಣ್ಣು ಕೆದಕುವ ಚಕ್ರ ಸಿಗುತ್ತದೆ, ಅಂಗಡಿಯಲ್ಲಿ ಆಸೆ ಹುಟ್ಟಿಸುತ್ತಾರೆ. ತರಕಾರಿ ಮಡಿಗೆ, ಅರಿಶಿನದ ಏರಿಗೆ ಪರವಾಗಿಲ್ಲ. ಅಡಿಕೆ ಬುಡಕ್ಕೆ ಬೇಡವೇ ಬೇಡ. ಅಡಿಕೆಯ ಬೇರು ಹೆಚ್ಚಿನದೂ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಚಕ್ರ ಅದನ್ನೇ ಕತ್ತರಿಸುತ್ತದೆ. ಹೊಸ ಸಸಿಯ ಹತ್ತಿರ, ಬ್ಲೇಡಿನ ಬದಲು ಹಾಕುವ ನೈಲಾನ್ ದಾರವೂ ಅಷ್ಟೇ ಅಪಾಯ. ಎಳೆ ಕಾಂಡಕ್ಕೆ ಒಮ್ಮೆ ತಾಗಿದರೂ ಗಾಯವಾಗುತ್ತದೆ. ನಾವು ಸಸಿಯ ಸುತ್ತ ಒಂದು ಮೊಳ ಜಾಗ ಬಿಟ್ಟು ಹೊಡೆಯುತ್ತೇವೆ, ಉಳಿದದ್ದನ್ನು ಅಮ್ಮ ಕತ್ತಿಯಲ್ಲಿ ಸವರುತ್ತಾಳೆ. ಸ್ಪ್ರಿಂಕ್ಲರಿನ ಪೈಪು ಹುಲ್ಲಿನಡಿ ಅಡಗಿದ್ದರೆ ಬ್ಲೇಡಿಗೂ ದಾರಕ್ಕೂ ಭೇದವಿಲ್ಲ, ತುಂಡೇ.

ಬ್ಯಾಟರಿಯದನ್ನು ನೆಂಟರ ಮನೆಯಲ್ಲಿ ಹಿಡಿದು ನೋಡಿದೆ. ಅಂಗಳಕ್ಕೆ, ದಾರಿಬದಿಗೆ ಚೆಂದ. ಒದ್ದೆ ಹುಲ್ಲಿನ ತೋಟಕ್ಕೆ ಚಾರ್ಜ್ ಸಾಲದು.

ಸಬ್ಸಿಡಿ ಬಗ್ಗೆಯೂ ವಿಚಾರಿಸಿ. ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ದುಡ್ಡು ಇದ್ದಾಗ ಕೊಡುತ್ತಾರೆ, ಪಟ್ಟಿಯಲ್ಲಿರುವ ಕಂಪನಿಯದೇ ತೆಗೆದುಕೊಳ್ಳಬೇಕು. ನಾವು ಕಾಯಲಿಲ್ಲ, ಮಳೆ ಕಾಯುವುದಿಲ್ಲವಲ್ಲ.

ಕುಮಟಾದ ಭಾವನದು ತೆಂಗಿನ ತೋಟ, ಹೊಯ್ಗೆ (ಮರಳು) ಮಣ್ಣು. ಅವನದು ಪೂರ್ತಿ ಉಲ್ಟಾ ಮಾತು. ಟೂ ಸ್ಟ್ರೋಕೇ ರಾಜ ಅನ್ನುತ್ತಾನೆ. ಅವನು ಒಬ್ಬನೇ ಹೊಡೆಯೋದು, ವರ್ಷವಿಡೀ ಹೊಡೆಯೋದು, ಬೇಕಾದಷ್ಟೇ ಬೆರೆಸಿ ಅವತ್ತೇ ಖಾಲಿ ಮಾಡೋದು. ಕಾರ್ಬ್ಯುರೇಟರ್ ಬಿಚ್ಚಿದ್ದೇ ಇಲ್ಲವಂತೆ. ಅವನ ಲೆಕ್ಕಕ್ಕೆ ಅದು ಸರಿ. ನಿಮ್ಮದೂ ಹಾಗೇ ಇದ್ದರೆ, ಅಥವಾ ಬೆಟ್ಟದ ಲಂಟಾನವೇ ಮುಖ್ಯ ಕೆಲಸವಾದರೆ, ಮೂರು ಪಟ್ಟು ದುಡ್ಡು ಯಾಕೆ ಸುರಿಯಬೇಕು? ನಾಲ್ಕು ಕೈ ಮುಟ್ಟುವ ಮಶಿನ್, ನಾಲ್ಕು ತಿಂಗಳು ಅಟ್ಟದಲ್ಲಿ ಮಲಗುವ ಮಶಿನ್ ಅಂತಾದರೆ ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ. ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಟೂ ಸ್ಟ್ರೋಕೇ ತನ್ನಿ. ತರುವ ದಿನವೇ ಎರಡು ಡಯಾಫ್ರಮ್ ಕಿಟ್, ಒಂದು ಪ್ಲಗ್ ಜೊತೆಗೆ ಕಟ್ಟಿಸಿಕೊಳ್ಳಿ. ಕಿಟ್ಟಿನ ಮೇಲೆ ಕಾರ್ಬ್ಯುರೇಟರಿನ ನಂಬರ್ ಸರಿಯಿದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.