ಮರಳುದಿಬ್ಬಕ್ಕೆ ಸ್ಪೋರ್ಟ್ ಎಟಿವಿ: ಪ್ಯಾಡಲ್ ಟೈರೋ ಹಲ್ಲಿನ ಟೈರೋ, ಸ್ಪೇಸರೋ ಉದ್ದದ ಎ-ಆರ್ಮೋ

ಯಮಹಾ ರ‍್ಯಾಪ್ಟರ್ 700ಆರ್‌ನಂಥ ಸ್ಪೋರ್ಟ್ ಎಟಿವಿಯಲ್ಲಿ (ಎಂಥ ನೆಲದ ಮೇಲೂ ಓಡುವ, ಹ್ಯಾಂಡಲ್ ಹಿಡಿದು ನಡೆಸುವ ನಾಲ್ಕು ಗಾಲಿಯ ಗಾಡಿಯಲ್ಲಿ) ಹಿಂದಿನ ಎರಡೂ ಗಾಲಿಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದುಕೊಂಡಿರುತ್ತವೆ. ಎರಡೂ ಗಾಲಿಗಳನ್ನು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಶಿಯಲ್ ನಡುವೆ ಇರುವುದಿಲ್ಲ. ಆದ್ದರಿಂದ ತಿರುವಿನಲ್ಲೂ ಒಳಗಾಲಿ ಮತ್ತು ಹೊರಗಾಲಿ ಒಂದೇ ವೇಗದಲ್ಲಿ ಸುತ್ತುತ್ತ ಗಾಡಿಯನ್ನು ನೇರಕ್ಕೇ ನೂಕುತ್ತವೆ. ಮರಳಿನಲ್ಲಿ ಹಿಂದಿನ ಹಿಡಿತ ಹೆಚ್ಚಿದಷ್ಟೂ ಈ ನೂಕು ಹೆಚ್ಚುತ್ತದೆ. ಹಿಂದೆ ಏನನ್ನು ಸೇರಿಸಿದರೂ ಮುಂದೆ ಅದಕ್ಕೆ ಸರಿಜೋಡಿಯಾದದ್ದು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹೋಲಿಕೆಯನ್ನೆಲ್ಲ ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಪುಣೆಯಲ್ಲಿ ನೆಲೆಸಿರುವ ನಮಗೆ ಹತ್ತಿರದ ಮರಳೆಂದರೆ ಕೊಂಕಣ ಮತ್ತು ಗೋವಾದ ಕಡಲತೀರ. ಆದರೆ ಅಲ್ಲಿ ಗಾಡಿ ಇಳಿಸುವ ಮಾತೇ ಇಲ್ಲ. ಗೋವಾದ ಕಡಲತೀರದಲ್ಲಿ ವಾಹನ ಓಡಿಸುವುದು ಅಪರಾಧ; 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕರಾವಳಿಯ ಮರಳುದಿಬ್ಬಗಳನ್ನು ಸೂಕ್ಷ್ಮ ಪ್ರದೇಶಗಳ ಪಟ್ಟಿಗೆ ಸೇರಿಸಿದೆ. ಮೊರ್ಜಿಂ, ಗಾಲ್ಜಿಬಾಗ್‌ಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ದಿಬ್ಬವನ್ನು ಹಿಡಿದಿಟ್ಟಿರುವ ಅಡುಂಬು ಬಳ್ಳಿ ಗಾಲಿಗೆ ಸಿಕ್ಕಿ ಕಿತ್ತುಹೋದರೆ ಆ ದಿಬ್ಬವನ್ನೇ ಗಾಳಿ ಹೊತ್ತೊಯ್ಯುತ್ತದೆ. ಹೀಗಾಗಿ ನಾನು ಮತ್ತು ನನ್ನ ಗೆಳೆಯ, ಇಬ್ಬರೂ ಧಾರವಾಡದ ಕಡೆಯವರು, ಗಾಡಿಗಳನ್ನು ಪಿಕಪ್‌ನಲ್ಲಿ ಹೇರಿಕೊಂಡು ಜೈಸಲ್ಮೇರ್ ಜಿಲ್ಲೆಯ ಖಾಸಗಿ ಜಾಗದ ದಿಬ್ಬಗಳಿಗೆ, ಜಾಗದವರ ಅನುಮತಿ ಪಡೆದೇ ಹೋಗುತ್ತೇವೆ. ನನ್ನದು 700 ಸಿಸಿಯ ರ‍್ಯಾಪ್ಟರ್, ಅವನದು 250 ಸಿಸಿಯ ಹಗುರ ಗಾಡಿ. ಮಾರ್ಪಾಡಿನ ಕೆಲಸವೆಲ್ಲ ನಡೆದದ್ದು ಭೋಸರಿಯ ಒಂದು ಲೇತ್ ಶಾಪಿನಲ್ಲಿ.

ಮೊದಲು ಹಿಂದಿನ ಟೈರು. ಗಾಡಿಯ ಜೊತೆಗೆ ಬರುವ ಹಲ್ಲಿನ ಟೈರು ಗಟ್ಟಿ ಮಣ್ಣಿಗೆಂದು ಮಾಡಿದ್ದು. ಒಣ ಮರಳಿನಲ್ಲಿ ಅದರ ಹಲ್ಲುಗಳ ಸಂದಿ ತುಂಬಿಕೊಂಡು, ಗಾಲಿ ತನ್ನ ಕೆಳಗೇ ಗುಂಡಿ ತೋಡಿಕೊಳ್ಳುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಅದೇ ಟೈರಿನ ಗಾಳಿ ಇಳಿಸಿ, ನೆಲ ಮುಟ್ಟುವ ಪಾದವನ್ನು ಅಗಲ ಮಾಡುವುದು ಒಂದು. ನುಣುಪಾದ ಮೈಯ ಮೇಲೆ ಅಡ್ಡಕ್ಕೆ ರಬ್ಬರ್ ಪಟ್ಟಿಗಳನ್ನು ನಿಲ್ಲಿಸಿರುವ ಪ್ಯಾಡಲ್ ಟೈರು ಹಾಕುವುದು ಇನ್ನೊಂದು. ಪ್ಯಾಡಲ್ ಟೈರು ಮರಳನ್ನು ದೋಣಿಯ ಹುಟ್ಟಿನಂತೆ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಅದನ್ನು ಒಂದೇ ದಿಕ್ಕಿಗೆ ಜೋಡಿಸಬೇಕು. ಎಡಬಲ ಅದಲುಬದಲಾದರೆ ಪಟ್ಟಿಗಳ ಬಾಗು ತಿರುಗುಮುರುಗಾಗಿ ಹಿಡಿತ ಬಹಳ ಕುಗ್ಗುತ್ತದೆ.

ಹಲ್ಲಿನ ಟೈರನ್ನು 3 ಪಿಎಸ್‌ಐಗೆ (ಪಿಎಸ್‌ಐ ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಗಾಳಿಯೊತ್ತಡದ ಅಳತೆ) ಇಳಿಸಿ ಓಡಿಸಿದಾಗ ಗಾಳಿಯತ್ತ ಮುಖ ಮಾಡಿದ ಇಳಿಜಾರಿನ ಮೇಲೆ, ಅಂದರೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಇರುವ ಬದಿಯಲ್ಲಿ, ರ‍್ಯಾಪ್ಟರ್ ನಿರಾಯಾಸವಾಗಿ ಏರಿತು. ಬೆಳಗಿನ ಹೊತ್ತು, ಇಬ್ಬನಿಯ ತೇವದಿಂದ ಮರಳು ಇನ್ನೂ ಬಿಗಿಯಾಗಿರುವಾಗ, ಇಷ್ಟೇ ಸಾಕು ಎನ್ನಿಸುವಷ್ಟು ಚೆನ್ನಾಗಿತ್ತು. ಮಧ್ಯಾಹ್ನ ಮರಳು ಸಡಿಲವಾದ ಮೇಲೆ ಅದೇ ಏರಿನಲ್ಲಿ ಅರ್ಧಕ್ಕೆ ಗೇರು ಇಳಿಸಬೇಕಾಯಿತು. ಕಾರಣ ಮರಳೊಂದೇ ಅಲ್ಲ. ಬೆಳಿಗ್ಗೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ಪಿಎಸ್‌ಐ ತುಂಬಿದ ಟೈರು 40 ಡಿಗ್ರಿಗೆ ಕಾದಾಗ ಒಳಗಿನ ಒತ್ತಡ ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಕಾರಿನ ಟೈರಿನಲ್ಲಿ ಇಷ್ಟು ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಅದು ಒಂದೂವರೆ ಪಟ್ಟು. ಪೆಟ್ರೋಲ್ ಬಂಕಿನ ಗೇಜು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲವಾದ್ದರಿಂದ, 10 ಪಿಎಸ್‌ಐವರೆಗೆ ಮಾತ್ರ ಅಳೆಯುವ ಗೇಜೊಂದನ್ನು ಕಿಸೆಯಲ್ಲಿಟ್ಟುಕೊಂಡು, ಬಿಸಿಲೇರಿದ ಮೇಲೆ ಮತ್ತೊಮ್ಮೆ ಗಾಳಿ ಬಿಡುವುದು ಹಲ್ಲಿನ ಟೈರಿನವರಿಗೆ ಅತ್ಯಗತ್ಯ.

ಎಂಟು ಪಟ್ಟಿಯ ಪ್ಯಾಡಲ್ ಹಾಕಿದ ಮೇಲಿನ ವ್ಯತ್ಯಾಸ ಮೊದಲ ಏರಿನಲ್ಲೇ ಗೊತ್ತಾಗುತ್ತದೆ. ಥ್ರಾಟಲ್ ಒತ್ತಿದ ಕೂಡಲೇ ಗಾಡಿ ಮುಂದಕ್ಕೆ ಹಾರುತ್ತದೆ, ಹಿಂದೆ ಮರಳು ಎರಡಾಳೆತ್ತರಕ್ಕೆ ಎದ್ದು ಸುರಿಯುತ್ತದೆ, ಮಧ್ಯಾಹ್ನದ ಸಡಿಲ ಮರಳಿನಲ್ಲೂ ಏರಿನ ನಡುವೆ ನಿಂತು ಮತ್ತೆ ಹೊರಡಬಹುದು. ಇದಕ್ಕೆ ನಾನು 5 ಪಿಎಸ್‌ಐ ಇಡುತ್ತೇನೆ. ಅದಕ್ಕಿಂತ ಇಳಿಸಿದರೆ ಟೈರಿನ ನಡುಭಾಗ ಒಳಕ್ಕೆ ಕುಸಿದು ಪಟ್ಟಿಗಳು ನೇರವಾಗಿ ನಿಲ್ಲುವುದಿಲ್ಲ. ಅಡ್ಡ ಇಳಿಜಾರಿನಲ್ಲಿ ಪ್ಯಾಡಲ್‌ನ ನುಣುಪು ಭುಜ ಕೆಳಕ್ಕೆ ಜಾರುತ್ತದೆ. ಹೊಸಬರು ಇದನ್ನು ದೋಷವೆಂದು ಬಗೆಯುತ್ತಾರೆ, ನಾನು ಗುಣವೆಂದೇ ಎಣಿಸುತ್ತೇನೆ. ಏಕೆಂದರೆ ಕೆಳಬದಿಯ ಗಾಲಿ ಮರಳಿನಲ್ಲಿ ಕಚ್ಚಿ ನಿಂತಾಗಲೇ ಗಾಡಿ ಅದರ ಮೇಲೆ ಮಗುಚುತ್ತದೆ. ಜಾರುವ ಗಾಡಿ ಮಗುಚುವುದು ಅಪರೂಪ. ಆದರೆ ದಿಬ್ಬಗಳ ನಡುವಿನ ಕಲ್ಲುಮಿಶ್ರಿತ ಗಟ್ಟಿ ನೆಲದಲ್ಲಿ ಪ್ಯಾಡಲ್ ಹಾಕಿ ದೂರ ಓಡಿಸುವುದು ಟೈರಿಗೆ ಅನ್ಯಾಯ: ಪಟ್ಟಿಗಳು ಬೇಗ ಸವೆಯುತ್ತವೆ, ತೆಳ್ಳನೆಯ ಮೈಗೆ ಮುಳ್ಳು ನಾಟುತ್ತದೆ. ಮರುಭೂಮಿಗಳನ್ನು ಹಾಯುವ ದೂರದ ಓಟವಾದ ಡಕಾರ್ ರ‍್ಯಾಲಿಯಲ್ಲಿ 2009ರಿಂದ 2024ರವರೆಗೆ ಎಟಿವಿಗಳಿಗೆ ಪ್ರತ್ಯೇಕ ವರ್ಗವಿತ್ತು, ರ‍್ಯಾಪ್ಟರ್ 700 ಅಲ್ಲಿ ಮೆರೆದ ಗಾಡಿ. ಕಲ್ಲು, ಮಣ್ಣು, ಮರಳು ಎಲ್ಲವೂ ಒಂದೇ ದಿನ ಎದುರಾಗುವ ಅಂಥ ಓಟಕ್ಕೆ ಹಲ್ಲಿನ ಟೈರೇ ಸರಿ. ದಿಬ್ಬಗಳಲ್ಲಷ್ಟೇ ಸುತ್ತುವ ನಮ್ಮಂಥವರಿಗೆ ಪ್ಯಾಡಲ್‌ಗೆ ಸಾಟಿಯಿಲ್ಲ.

ಆದರೆ ಹಿಂದೆ ಪ್ಯಾಡಲ್, ಮುಂದೆ ಕಾರ್ಖಾನೆಯ ಹಲ್ಲಿನ ಟೈರು ಇರುವ ಜೋಡಣೆಯನ್ನು ಯಾರಿಗೂ ಸೂಚಿಸಲಾರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಮುಂದಿನ ಗಾಲಿಗಳು ಮರಳನ್ನು ಗುಡಿಸುತ್ತ ನೇರಕ್ಕೇ ಸಾಗುತ್ತವೆ, ದಿಬ್ಬದ ನೆತ್ತಿಯಲ್ಲಿ ಇದು ನಿಜಕ್ಕೂ ಅಪಾಯ. ನೆತ್ತಿಯಾಚೆಯ ಬದಿ 32ರಿಂದ 34 ಡಿಗ್ರಿ ಕಡಿದಾಗಿರುತ್ತದೆ. ಅಲ್ಲಿಗೆ ತಲುಪುವ ಮೊದಲೇ ಗಾಡಿಯನ್ನು ಹೊರಳಿಸಲು ಆಗಬೇಕು. ನಡುವೆ ಸುತ್ತಲೂ ಒಂದೇ ಏಣು, ಅಂದರೆ ಉಬ್ಬಿದ ಗೆರೆ, ಇರುವ ನುಣುಪು ಮುಂಟೈರು ಹಾಕಿದ ಮೇಲೆ ಆ ಏಣು ಮರಳನ್ನು ಸೀಳಿ ಹಿಡಿದುಕೊಳ್ಳುತ್ತದೆ, ಗಾಡಿ ಹೇಳಿದ ಕಡೆಗೆ ಹೊರಳುತ್ತದೆ. ಎರಡು ಏಣಿನದನ್ನೂ ಹಾಕಿ ನೋಡಿದೆವು. ನೇರ ಓಟದಲ್ಲಿ ಅದು ಇನ್ನಷ್ಟು ಸ್ಥಿರ, ತಿರುವಿನಲ್ಲಿ ಸ್ವಲ್ಪ ಭಾರ. ನನ್ನ ಆಯ್ಕೆ ಒಂದೇ ಏಣಿನದು.

ಇನ್ನು ಸ್ಥಿರತೆಯ ವಿಷಯ. ರ‍್ಯಾಪ್ಟರ್‌ನ ಒಟ್ಟು ಅಗಲ ಸುಮಾರು 46 ಇಂಚು, ಹಿಂದಿನ ಟೈರುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಸುಮಾರು 36 ಇಂಚು. ಪಕ್ಕಕ್ಕೆ ಮಗುಚುವ ಮಿತಿಯು ಈ ಅಂತರದ ಅರ್ಧವನ್ನು ಸವಾರನೂ ಸೇರಿದ ಭಾರಕೇಂದ್ರದ ಎತ್ತರದಿಂದ ಭಾಗಿಸಿದಷ್ಟು. ಬದಿಗೆ ಎರಡೆರಡು ಇಂಚು ಸೇರಿಸಿ 36ನ್ನು 40 ಮಾಡಿದರೆ, ಎತ್ತರ ಬದಲಾಗದಿದ್ದರೂ ಮಿತಿ ನೂರಕ್ಕೆ 11ರಷ್ಟು ಏರುತ್ತದೆ. ಹಣಕ್ಕೆ ತಕ್ಕ ಪ್ರಯೋಜನ ಕೊಡುವ ಮಾರ್ಪಾಡು ಇದಕ್ಕಿಂತ ಬೇರೆಯಿಲ್ಲ.

ಅಗಲ ಮಾಡುವ ಅಗ್ಗದ ದಾರಿ ಸ್ಪೇಸರ್, ಅಂದರೆ ಹಬ್‌ಗೂ ರಿಮ್‌ಗೂ ನಡುವೆ ಕೂರಿಸುವ ಅಲ್ಯೂಮಿನಿಯಂ ಬಿಲ್ಲೆ. ಅದನ್ನು ಕಡೆದುಕೊಟ್ಟ ಲೇತ್ ಮೇಸ್ತ್ರಿ ವಿಜಯಪುರದವರು. ಕಡೆಯುವ ಮೊದಲೇ ಅವರು ನನ್ನನ್ನು ತಡೆದು, “ಸರ, ಹಿಂದಿನ ಗಾಲಿಗೆ ಬೇಕಾದ್ರ ಮಾಡಿ ಕೊಡತೇನಿ, ಮುಂದಿನದಕ್ಕ ಬ್ಯಾಡ್ರಿ, ಬೇರಿಂಗ್ ತಡಿಯೂದಿಲ್ಲ” ಎಂದರು. ಅವರ ಮಾತು ಅಕ್ಷರಶಃ ಸರಿ, ಬೇರಿಂಗ್ ಜೊತೆಗೆ ಸ್ಟಿಯರಿಂಗ್‌ಗೂ ತೊಂದರೆ. ಮುಂದಿನ ಗಾಲಿಯನ್ನು ಸ್ಪೇಸರ್‌ನಿಂದ ಹೊರಗೆ ತಳ್ಳಿದರೆ, ಸ್ಟಿಯರಿಂಗ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಜಾಗದಿಂದ ಟೈರಿನ ನಡುಮಧ್ಯ ದೂರವಾಗುತ್ತದೆ, ಒಂದು ಬದಿಯ ಗಾಲಿಗೆ ಬಿದ್ದ ಪೆಟ್ಟು ಹ್ಯಾಂಡಲನ್ನು ಕೈಯಿಂದ ಕಿತ್ತುಕೊಳ್ಳುವಂತೆ ತಿರುಗಿಸುತ್ತದೆ. ಒಂದಿಂಚಿನ ಸ್ಪೇಸರ್ ಹಾಕಿ ಪರೀಕ್ಷಿಸಿದಾಗಲೇ ಗಾಳಿ ಕೊರೆದ ಅಲೆಅಲೆ ಮರಳಿನಲ್ಲಿ ಮಣಿಕಟ್ಟು ನೋಯತೊಡಗಿತು.

ಉದ್ದದ ಎ-ಆರ್ಮ್‌ನಲ್ಲಿ, ಅಂದರೆ ಮುಂದಿನ ಗಾಲಿಯನ್ನು ಚೌಕಟ್ಟಿಗೆ ಜೋಡಿಸುವ ತೋಳನ್ನು ಉದ್ದ ಮಾಡಿಸಿದಾಗ, ಈ ದೋಷವಿಲ್ಲ, ಏಕೆಂದರೆ ಗಾಲಿಯೊಂದಿಗೆ ಬಾಲ್ ಜಾಯಿಂಟ್ ಸಹಿತ ಇಡೀ ಸ್ಟಿಯರಿಂಗ್ ಅಕ್ಷವೇ ಹೊರಗೆ ಸರಿಯುತ್ತದೆ. ಬದಿಗೆ ಎರಡು ಇಂಚು ಹೊರಕ್ಕೆ, ಒಂದು ಇಂಚು ಮುಂದಕ್ಕೆ ಚಾಚಿದ ಎ-ಆರ್ಮ್ ಹಾಕಿದ ಮೇಲೆ ಗಾಡಿಯ ಸ್ವಭಾವವೇ ಬದಲಾಯಿತು. ಅಡ್ಡ ಇಳಿಜಾರಿನಲ್ಲಿ ಮೈಯನ್ನು ಮೇಲ್ಬದಿಗೆ ವಾಲಿಸಿ ತೂಗಿಸಬೇಕಾದ ಶ್ರಮ ಕಣ್ಣಿಗೆ ಕಾಣುವಷ್ಟು ತಗ್ಗಿತು. ಖರ್ಚು ಮಾತ್ರ ಎ-ಆರ್ಮ್‌ಗೆ ಮುಗಿಯುವುದಿಲ್ಲ. ಸ್ಟಿಯರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್ ಮತ್ತು ಬ್ರೇಕ್ ಹೋಸ್ ಉದ್ದವಾಗಬೇಕು. ಶಾಕ್ ಅಬ್ಸಾರ್ಬರ್ ಹಳೆಯ ಜಾಗದಲ್ಲೇ ಉಳಿದು ತೋಳು ಉದ್ದವಾದಾಗ ಗಾಲಿಗೆ ಸಿಗುವ ಸನ್ನೆಬಲ ಹೆಚ್ಚಿ ಸ್ಪ್ರಿಂಗ್ ಮೆತ್ತಗಾದಂತಾಗುತ್ತದೆ, ಆದ್ದರಿಂದ ಹೆಚ್ಚು ಬಿಗಿಯ ಸ್ಪ್ರಿಂಗ್ ಬೇಕು. ಇದನ್ನು ಬಿಟ್ಟು ಎ-ಆರ್ಮ್ ಮಾತ್ರ ಬದಲಿಸಿದರೆ ಇಳಿಜಾರಿನ ಬುಡದಲ್ಲಿ ಮೂತಿ ನೆಲಕ್ಕೆ ಕುಕ್ಕುತ್ತದೆ.

ಹಿಂಬದಿಗೆ ಉದ್ದದ ಆಕ್ಸಲ್ ಮತ್ತು ಸ್ಪೇಸರ್ ಎರಡರ ನಡುವೆ ನನಗೆ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಅಲ್ಲಿ ಸ್ಟಿಯರಿಂಗ್ ಪ್ರಶ್ನೆಯಿಲ್ಲ. ದಿಬ್ಬದ ಮೇಲಿಂದ ಹಾರಿಸುವ ಹವ್ಯಾಸವಿದ್ದವರು ಇಎನ್ 24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನಲ್ಲಿ ಮಾಡಿಸಿ, ಹೀಟ್ ಟ್ರೀಟ್‌ಮೆಂಟ್ ಕೊಡಿಸಿದ ಆಕ್ಸಲ್ ಹಾಕಿಸಲಿ. ನನಗೆ ಸ್ಪೇಸರೇ ಸಾಕಾಗಿದೆ, ಪ್ರತಿ ಓಟದ ಮುಂಚೆ ನಟ್‌ಗಳ ಬಿಗಿ ನೋಡುತ್ತೇನೆ.

ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಆಕ್ಸಲನ್ನು ಹಿಡಿದಿರುವ ತೋಳನ್ನು, ಉದ್ದ ಮಾಡುವುದನ್ನು ಕೆಲವರು ಬಹಳ ಹೊಗಳುತ್ತಾರೆ. ನೇರ ಏರಿನಲ್ಲಿ ಮೂತಿ ಏಳುವುದು ಅದರಿಂದ ನಿಲ್ಲುತ್ತದೆ, ನಿಜ. ಆದರೆ ಗಾಡಿ ಉದ್ದವಾದಷ್ಟೂ ತಿರುವು ದೊಡ್ಡದಾಗುತ್ತದೆ, ಚೂಪು ನೆತ್ತಿಯಲ್ಲಿ ಹೊಟ್ಟೆ ತಾಗುತ್ತದೆ. ಏರುವ ಪಂದ್ಯಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಒಪ್ಪಲಾರೆ.

ಗೆಳೆಯನ 250 ಸಿಸಿ ಗಾಡಿಗೆ ನನ್ನ ಎಂಟು ಪಟ್ಟಿಯ ಪ್ಯಾಡಲ್ ಒಗ್ಗಲಿಲ್ಲ. ಪಟ್ಟಿಗಳು ಹಿಡಿದಷ್ಟು ಮರಳನ್ನು ಎಸೆಯುವ ಶಕ್ತಿ ಎಂಜಿನ್‌ಗೆ ಇರಲಿಲ್ಲ. ಎರಡನೇ ಗೇರಿನಲ್ಲೇ ಉಸಿರುಗಟ್ಟುತ್ತಿತ್ತು. ಆರು ಪಟ್ಟಿಯದನ್ನು ಹಾಕಿ, ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನು ಸುತ್ತುವ ಹಲ್ಲುಚಕ್ರದಲ್ಲಿ) ಒಂದು ಹಲ್ಲು ಕಡಿಮೆ ಮಾಡಿದ ಮೇಲೆ ಎಂಜಿನ್ ತನ್ನ ಶಕ್ತಿಯ ಜಾಗದಲ್ಲೇ ತಿರುಗತೊಡಗಿತು. 14 ಹಲ್ಲಿನ ಬದಲು 13 ಹಲ್ಲೆಂದರೆ ಗೇರಿಂಗ್ ನೂರಕ್ಕೆ ಏಳರಷ್ಟು ತಗ್ಗಿದಂತೆ. ಹಿಂದಿನ ಸ್ಪ್ರಾಕೆಟ್‌ಗೆ ಸುಮಾರು ಮೂರು ಹಲ್ಲು ಸೇರಿಸುವುದಕ್ಕೆ ಅದು ಸಮ, ಖರ್ಚು ಅದಕ್ಕಿಂತ ಬಹಳ ಕಡಿಮೆ. ಏರ್ ಫಿಲ್ಟರ್ ವಿಷಯದಲ್ಲಿ ಇಬ್ಬರ ಆಯ್ಕೆಯೂ ಒಂದೇ: ಎಣ್ಣೆ ಸವರಿದ ಫೋಮ್ ಫಿಲ್ಟರ್, ಅದರ ಮೇಲೊಂದು ಬಟ್ಟೆಯ ಮುಸುಕು. ದಿನದ ಓಟ ಮುಗಿದ ಮೇಲೆ ಆ ಮುಸುಕನ್ನು ಕೊಡವಿದರೆ ಹಿಟ್ಟಿನಷ್ಟು ನಯವಾದ ಧೂಳು ಉದುರುತ್ತದೆ. ಕಾಗದದ ಫಿಲ್ಟರ್‌ನಲ್ಲಿ ಅದೇ ಧೂಳು ಸೇರಿಕೊಂಡು, ಅವನ ಗಾಡಿ ಮಧ್ಯಾಹ್ನದ ಹೊತ್ತಿಗೇ ಮಂಕಾಗುತ್ತಿತ್ತು.