ಆನ್‌ಲೈನ್ ಖರೀದಿಗೆ ಡೆಬಿಟ್ ಕಾರ್ಡೋ, ಕ್ರೆಡಿಟ್ ಕಾರ್ಡೋ?

ವಂಚನೆಯಿಂದ ರಕ್ಷಣೆ ಎಂಬ ದೃಷ್ಟಿಯಿಂದ ನೋಡಿದರೆ, ಮೊದಲು ಯಾರ ಹಣ ಹೋಗುತ್ತದೆ ಎಂಬುದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ. ಡೆಬಿಟ್ ಕಾರ್ಡ್ ದುರ್ಬಳಕೆಯಾದರೆ ಉಳಿತಾಯ ಖಾತೆಯ ಸಂಬಳವೇ ಖಾಲಿಯಾಗಿ, ಮನೆ ಬಾಡಿಗೆಗೂ ಸಾಲದ ಕಂತಿಗೂ ತೊಂದರೆಯಾಗುತ್ತದೆ; ಕ್ರೆಡಿಟ್ ಕಾರ್ಡ್‌ನಲ್ಲಾದರೆ ಅದು ಬಿಲ್ಲಿನ ಬಾಕಿಯಾಗಿ ಕಾಣಿಸುವುದರಿಂದ, ನಿಮ್ಮ ಹಣ ಖಾತೆಯಲ್ಲಿರುವಾಗಲೇ ತಕರಾರು ಎತ್ತಬಹುದು.

ನಿಯಮದ ರಕ್ಷಣೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಹೊಣೆ ಶೂನ್ಯ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ, 5 ಲಕ್ಷ ಮೀರಿದ ಮಿತಿಯ ಕ್ರೆಡಿಟ್ ಕಾರ್ಡ್‌ಗೆ 25,000 ರೂಪಾಯಿ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು. ಡೆಬಿಟ್ ಕಾರ್ಡಿನವರಿಗೆ ಆ ಹತ್ತು ದಿನಗಳೇ ಕಷ್ಟದವು. ಒಟಿಪಿಯನ್ನು ತಾವೇ ಹೇಳಿದ್ದರೆ, ಕಾರ್ಡ್ ಯಾವುದೇ ಆಗಿರಲಿ, ದೂರು ಕೊಡುವವರೆಗಿನ ನಷ್ಟ ಗ್ರಾಹಕರದೇ.

ಹೀಗಾಗಿ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟಬಲ್ಲವರು ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡನ್ನೇ ಬಳಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಡ್ಡಿಯ ಭಯವಿರುವವರು ಸ್ವಲ್ಪವೇ ಹಣವಿರುವ ಎರಡನೇ ಖಾತೆಯ ಡೆಬಿಟ್ ಕಾರ್ಡ್ ಬಳಸಲಿ. ಸಂಬಳದ ಖಾತೆಯ ಕಾರ್ಡನ್ನು ಎಟಿಎಂಗೆ ಮಾತ್ರ ಇಟ್ಟುಕೊಂಡು, ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬಂದ್ ಮಾಡಿಡಿ. ಎಷ್ಟೋ ವಿದೇಶಿ ಜಾಲತಾಣಗಳು ಒಟಿಪಿಯನ್ನೇ ಕೇಳುವುದಿಲ್ಲ. ಹಣ ಹೋದದ್ದು ತಿಳಿದೊಡನೆ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.